ಆರು ಸೀರೆ, ಒಂದು ಡಬ್ಬಿ ಅಂಟು

ಅಜ್ಜಿಯ ಮರದ ಪೆಟ್ಟಿಗೆ ಖಾಲಿ ಮಾಡಿದಾಗ ನನ್ನ ಪಾಲಿಗೆ ಆರು ಸೀರೆ ಬಂತು. ನಾಲ್ಕು ಉಡುಪಿ ಸೀರೆ, ಎರಡು ವಾಯಿಲ್. ಉಡುವ ಹಾಗಿರಲಿಲ್ಲ, ಸೆರಗಿನ ಹತ್ತಿರ ಎಳೆ ಬಿಟ್ಟುಕೊಂಡಿತ್ತು. ಆದರೆ ಬಟ್ಟೆ ಮಾತ್ರ ಬೆಣ್ಣೆಯ ಹಾಗಿತ್ತು. ಪುಣೆಯಲ್ಲಿರುವ ಚಿಕ್ಕಮ್ಮ ಚೌತಿಗೆ ಮಂಗಳೂರಿಗೆ ಬರುತ್ತಾರೆ. ಅಷ್ಟರೊಳಗೆ ಅವರಿಗೊಂದು ಕ್ವಿಲ್ಟ್, ಅಂದರೆ ಎರಡು ಬಟ್ಟೆಯ ಮಧ್ಯೆ ಹತ್ತಿ ಪದರ ಇಟ್ಟ ಹೊದಿಕೆ, ಹೊಲಿದು ಕೊಡೋಣ ಅಂತ ಜೂನ್ ಕೊನೆಯಲ್ಲಿ ಕೆಲಸಕ್ಕೆ ಕೂತೆ.

ತುಂಡು ಜೋಡಿಸಿದ್ದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಆರು ಇಂಚಿನ ಚೌಕ, ಅಡ್ಡಕ್ಕೆ ಹತ್ತು, ಉದ್ದಕ್ಕೆ ಹದಿನಾಲ್ಕು. 60 ಇಂಚು ಅಗಲ, 84 ಇಂಚು ಉದ್ದದ ಮೇಲ್ಬಟ್ಟೆ ಆಯಿತು. ಅಡಿ ಬಟ್ಟೆಗೆ ಒಂದು ಉಡುಪಿ ಸೀರೆಯನ್ನು ಬೇರೆಯೇ ಇಟ್ಟಿದ್ದೆ. ಸವೆದ ಕಡೆ ಬಿಟ್ಟು 92 ಇಂಚಿನ ಎರಡು ತುಂಡು ಕತ್ತರಿಸಿ, ಮಧ್ಯೆ ಉದ್ದುದ್ದ ಜೋಡಿಸಿದೆ. ಎಲ್ಲ ಕಡೆ ನಾಲ್ಕು ಇಂಚು ಜಾಸ್ತಿ ಇರಬೇಕು, ಹೊಲಿಯುವಾಗ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮಧ್ಯದ ಪದರಕ್ಕೆ ಹತ್ತಿ ಜಾಸ್ತಿ, ಪಾಲಿಯೆಸ್ಟರ್ ಕಡಿಮೆ ಇರುವ ತೆಳು ಹಾಳೆ.

ನಾನು ಬರೆಯಲು ಹೊರಟಿದ್ದು ಈ ಮೂರನ್ನು ಒಂದರ ಮೇಲೊಂದು ಕೂಡಿಸುವ ಕೆಲಸದ ಬಗ್ಗೆ. ನೋಡಲು ಸುಲಭ. ಹಾಸು, ಮೇಲೆ ಹಾಸು, ಹೊಲಿ. ಆದರೆ ಮೆಷಿನ್‌ನಲ್ಲಿ ಹೊಲಿಯುವಾಗ ಕೆಳಗಿನ ಹಲ್ಲು ಅಡಿ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಮೇಲ್ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಒಂದೊಂದು ಹೊಲಿಗೆಗೆ ಕೂದಲೆಳೆಯಷ್ಟು ವ್ಯತ್ಯಾಸ. 84 ಇಂಚು ಹೋಗುವಷ್ಟರಲ್ಲಿ ಅದು ಅರ್ಧ ಇಂಚು ಆಗಿ, ಕೊನೆಯಲ್ಲಿ ನೆರಿಗೆ ಬಿದ್ದುಬಿಡುತ್ತದೆ. ಅದಕ್ಕೇ ಹೊಲಿಗೆಗೆ ಮೊದಲು ಮೂರು ಪದರವನ್ನು ತಾತ್ಕಾಲಿಕವಾಗಿ ಹಿಡಿದಿಡಬೇಕು. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಬಹುದು, ಸೇಫ್ಟಿ ಪಿನ್ ಹಾಕಬಹುದು, ಇಲ್ಲವೇ ಅಂಟು ಸ್ಪ್ರೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆಯಲ್ಲಿ ಹೊಲಿಯುವ ಕೌದಿಗೆ ಈ ಕಷ್ಟವೇ ಇಲ್ಲ. ಅವರು ಅಂಚಿನಿಂದ ಶುರು ಮಾಡಿ, ಸುತ್ತ ಹೊಲಿಯುತ್ತಾ ಮಧ್ಯಕ್ಕೆ ಬರುತ್ತಾರೆ. ಕೈಯಲ್ಲೇ ತುಂಡು ಇಟ್ಟು, ಕೈಯಲ್ಲೇ ಸರಿಪಡಿಸಿ, ಅಲ್ಲೇ ಹೊಲಿಗೆ. ಪದರ ಕೂಡಿಸುವುದೂ ಹೊಲಿಯುವುದೂ ಬೇರೆ ಬೇರೆ ಕೆಲಸ ಅಲ್ಲ. ಅದರ ಮುಂದೆ ನಮ್ಮ ಮೆಷಿನ್ ಕೆಲಸ ಸುತ್ತು ಬಳಸಿನದ್ದು ಅಂತ ನನಗೆ ಅನಿಸುತ್ತದೆ. ಆದರೆ ಎರಡು ತಿಂಗಳಲ್ಲಿ ಇಷ್ಟು ದೊಡ್ಡದನ್ನು ಕೈಯಲ್ಲಿ ಮುಗಿಸುವಷ್ಟು ಸಮಯ ನನ್ನ ಹತ್ತಿರ ಇರಲಿಲ್ಲ.

ಹಿಂದಿನ ಕ್ವಿಲ್ಟಿಗೆ ಪಿನ್ ಹಾಕಿದ್ದೆ. ಒಂದು ಗೇಣಿಗೂ ಕಡಿಮೆ ಅಂತರದಲ್ಲಿ, ಮುನ್ನೂರಕ್ಕೂ ಜಾಸ್ತಿ ಪಿನ್. ಮೊಣಕಾಲೂರಿ ಕೂತು ಇಡೀ ಮಧ್ಯಾಹ್ನ ಹೋಯಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಮಧ್ಯೆ ಜ್ವರ ಬಂದು ಹತ್ತು ಹನ್ನೆರಡು ದಿನ ಕೆಲಸ ನಿಂತಿತು. ತಿರುಗಿ ತೆಗೆದು ನೋಡಿದರೆ ಪಿನ್ ಚುಚ್ಚಿದ ಕಡೆಯಲ್ಲೆಲ್ಲ ಕಂದು ಚುಕ್ಕಿ. ತುಕ್ಕು. ನಮ್ಮ ಕರಾವಳಿಯ ಗಾಳಿಗೆ ಅಗ್ಗದ ಪಿನ್ ಎಲ್ಲಿ ತಡೆಯುತ್ತದೆ? ನಿಂಬೆರಸ, ಉಪ್ಪು ಎಲ್ಲ ಹಚ್ಚಿದೆ, ಅರ್ಧ ಹೋಯಿತು, ಅರ್ಧ ಇವತ್ತಿಗೂ ಇದೆ. ಅಜ್ಜಿಯ ಸೀರೆಗೆ ಹಾಗಾಗುವುದು ಬೇಡ ಅಂತಲೇ ಸ್ಪ್ರೇ ಕಡೆ ತಿರುಗಿದ್ದು.

ಮೊದಲು ಸುಮ್ನೆ ಒಂದಡಿಯ ಮಾದರಿ ತುಂಡುಗಳಲ್ಲಿ ನೋಡಿದೆ. ಸೋಫಾ, ಕಾರಿನ ಸೀಟಿಗೆ ರೆಕ್ಸಿನ್ ಅಂಟಿಸುವವರು ಒಂದು ಸ್ಪ್ರೇ ಬಳಸುತ್ತಾರೆ. ಪೇಟೆಯ ಫೋಮ್ ಅಂಗಡಿಯಲ್ಲಿ ಸಿಕ್ಕಿತು. ಕೇಳಿದಾಗ "ಬಟ್ಟೆಗೂ ಆಗ್ತದೆ, ಗಟ್ಟಿ ಹಿಡೀತದೆ" ಅಂದರು. ಹಿಡಿಯಿತು, ಅದೇ ತೊಂದರೆ. ಒಮ್ಮೆ ಕೂತರೆ ಎಬ್ಬಿಸಿ ಸರಿಪಡಿಸಲು ಆಗಲಿಲ್ಲ, ಎಳೆದರೆ ಹತ್ತಿ ಕಿತ್ತು ಬಂತು. ಹತ್ತು ಇಂಚು ಹೊಲಿಯುವಷ್ಟರಲ್ಲಿ ಸೂಜಿಗೆ ಅಂಟು ಮೆತ್ತಿಕೊಂಡು ನೂಲು ತುಂಡಾಯಿತು. ಎರಡು ಸಲ ಒಗೆದರೂ ತುಂಡು ರಟ್ಟಿನ ಹಾಗೇ ಉಳಿಯಿತು. ಡಬ್ಬಿಯ ಮೇಲೆ ತಾತ್ಕಾಲಿಕ, ಬಟ್ಟೆಗೆ, ಒಗೆದರೆ ಹೋಗುತ್ತದೆ, ಈ ಮೂರೂ ಸ್ಪಷ್ಟವಾಗಿ ಬರೆದಿರದಿದ್ದರೆ ಕ್ವಿಲ್ಟಿನ ಹತ್ತಿರ ತರಬೇಡಿ.

ಪಕ್ಕದ ಮನೆಯ ಶಾರದಕ್ಕ ಬೇಲಿಯ ಆಚೆಯಿಂದ ಎಲ್ಲ ನೋಡುತ್ತಿದ್ದರು. "ಅದೆಲ್ಲ ಎಂತಕೆ ಮಾರಾಯ್ತಿ? ಕುಚ್ಚಲಕ್ಕಿ ಗಂಜಿ ತಿಳಿ ಹಚ್ಚಿದ್ರೆ ಸಾಕಲ್ವಾ?" ಅಂದರು. ಮಾತು ತಪ್ಪಲ್ಲ. ಹಿಟ್ಟಿನ ಅಂಟು ಬಟ್ಟೆಗೆ ಬಹಳ ಹಳೆಯ ಸ್ನೇಹಿತ, ಒಗೆದರೆ ಪೂರ್ತಿ ಹೋಗುತ್ತದೆ, ಖರ್ಚೂ ಇಲ್ಲ. ಅದರದ್ದೂ ಒಂದು ಮಾದರಿ ಮಾಡಿದೆ. ಇಸ್ತ್ರಿ ಹಾಕಿ ಒಣಗಿಸಿದಾಗ ತುಂಬ ಚೆನ್ನಾಗಿ ಕೂತಿತು. ಆದರೆ ಹೊರಗೆ ಬಿಡದ ಮಳೆ. ಐದನೇ ದಿನ ತುಂಡಿನಿಂದ ಹುಳಿ ವಾಸನೆ ಬಂತು, ಮೂಲೆಯಲ್ಲಿ ಬೂಷ್ಟು. ಬೇಸಿಗೆಯಲ್ಲಾದರೆ ನಾನು ಗಂಜಿಯನ್ನೇ ಆರಿಸುತ್ತೇನೆ ಅಂತ ಶಾರದಕ್ಕನಿಗೂ ಹೇಳಿದ್ದೇನೆ.

ಕ್ವಿಲ್ಟಿಗೆಂದೇ ಮಾಡಿದ ಸ್ಪ್ರೇಗಳಲ್ಲಿ ಹೆಚ್ಚು ಜನ ಹೇಳುವುದು 505 ಎಂಬ ಡಬ್ಬಿ. ಅದನ್ನು ತರಲು ದುಬೈಯಲ್ಲಿರುವ ತಮ್ಮನಿಗೆ ಹೇಳಿದ್ದೆ. ಅವನು ಸರಿಯಾಗಿಯೇ ತಡೆದ. ಬೆಂಕಿ ಹತ್ತುವಂಥ ಸ್ಪ್ರೇ ಡಬ್ಬಿಯನ್ನು ವಿಮಾನದ ಬ್ಯಾಗಿನಲ್ಲಿ ತರುವಂತಿಲ್ಲ, ಕೈಯಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಗಲ್ಫಿನಿಂದ ಬರುವವರ ಹತ್ತಿರ ಇದನ್ನು ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ಪಾಪ, ವಿಮಾನ ನಿಲ್ದಾಣದಲ್ಲಿ ಅವರಿಗೆ ತೊಂದರೆ. ನಾನು ಇಲ್ಲಿಂದಲೇ ಆರ್ಡರ್ ಮಾಡಿದೆ, ರಸ್ತೆ ದಾರಿಯಲ್ಲಿ ಹತ್ತು ದಿನಕ್ಕೆ ಬಂತು. 500 ಮಿಲಿಲೀಟರ್ ಡಬ್ಬಿ.

ಮಾದರಿ ತುಂಡಿಗೆ ಹೊಡೆದು ನೋಡಿದ ಕೂಡಲೇ ಸಮಾಧಾನ ಆಯಿತು. ಮುಟ್ಟಿದರೆ ಕೈಗೆ ಅಷ್ಟಾಗಿ ಅಂಟುವುದಿಲ್ಲ, ಬಟ್ಟೆಗೆ ಮಾತ್ರ ಹಿಡಿಯುತ್ತದೆ. ಎಬ್ಬಿಸಿ ಮತ್ತೆ ಕೂರಿಸಬಹುದು. ಸೂಜಿ ಸಲೀಸಾಗಿ ಓಡಿತು.

ಒಂದು ವಿಷಯ ಮಾತ್ರ ಮಾದರಿಯಲ್ಲೇ ಗೊತ್ತಾಯಿತು, ಅದು ದೊಡ್ಡ ಉಪಕಾರ. ಉಡುಪಿ ಸೀರೆಯ ನೂಲು ಸಣ್ಣದು, ನೇಯ್ಗೆ ಹಗುರ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರು ಇವತ್ತು ನೇಯುವ ಹೊಸ ಸೀರೆಯೇ ಅಷ್ಟು ತೆಳು. ಮೂವತ್ತು ವರ್ಷ ಒಗೆದದ್ದಂತೂ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಅಂಥ ಬಟ್ಟೆಯ ಮೇಲೆ ನೇರ ಸ್ಪ್ರೇ ಹೊಡೆದರೆ ಹನಿ ಹೊರಮೈಗೆ ಇಳಿದು ಎಣ್ಣೆ ಚುಕ್ಕಿಯ ಹಾಗೆ ಕಾಣುತ್ತದೆ. ಅದೇ ಹತ್ತಿ ಪದರದ ಮೇಲೆ ಹೊಡೆದು ಬಟ್ಟೆಯನ್ನು ಅದರ ಮೇಲೆ ಕೂರಿಸಿದರೆ ಒಂದು ಕಲೆಯೂ ಇಲ್ಲ. ಹತ್ತಿಯ ನಾರು ಅಂಟನ್ನು ಮೇಲ್ಗಡೆಯೇ ಹಿಡಿದಿಟ್ಟುಕೊಳ್ಳುತ್ತದೆ. ಹಳೆ ಸೀರೆಯಲ್ಲಿ ಕೆಲಸ ಮಾಡುವವರು ಇದೊಂದನ್ನು ಮರೆಯಬೇಡಿ. ಅಂಟು ಹತ್ತಿಗೆ, ಬಟ್ಟೆಗಲ್ಲ.

ಇನ್ನು ಜಾಗ. ನಮ್ಮದು ಮಂಗಳೂರಿನ ಉರ್ವದ ಹತ್ತಿರ ಹಂಚಿನ ಮನೆ, ಕೆಂಪು ರೆಡ್ ಆಕ್ಸೈಡ್ ನೆಲದ ಚಾವಡಿ. ಹರಡಲು ಜಾಗ ಧಾರಾಳ. ಹಂಚಿನ ಮಾಡಿನಿಂದ ದೂಳು, ಹಲ್ಲಿಯ ಹಿಕ್ಕೆ ಬೀಳುತ್ತದೆ, ಅಂಟಿನ ಮೇಲೆ ಬಿದ್ದರೆ ಅಲ್ಲೇ ಕೂತುಬಿಡುತ್ತದೆ. ಅದಕ್ಕೆ ಹಿಂದಿನ ದಿನವೇ ಮಾಡಿನ ಮರದ ಜಂತಿ, ಪಕ್ಕಾಸಿನ ದೂಳು ಹೊಡೆದೆ. ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿದೆ. ಪೇಪರ್ ಹಾಸುವ ಯೋಚನೆ ಇತ್ತು, ಆದರೆ ತೇವದ ಕೈ ತಾಗಿದರೆ ಅದರ ಶಾಯಿ ಬಟ್ಟೆಗೆ ಬರುತ್ತದೆ, ಬೇಡ ಅನಿಸಿತು.

ಜುಲೈ ಕೊನೆಯ ಭಾನುವಾರ ಬೆಳಿಗ್ಗೆ ಮೊದಲ ಸಲ ಪೂರ್ತಿ ಕೂಡಿಸಿದೆ. ಬೆಳಿಗ್ಗೆಯೇ ಯಾಕೆಂದರೆ ಮಧ್ಯಾಹ್ನ ಹತ್ತಿರವಾದಂತೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ, ಸ್ಪ್ರೇ ಹೊಡೆದದ್ದು ಹತ್ತಿಗೆ ಬೀಳದೆ ಗೋಡೆಗೆ ಹೋಗುತ್ತದೆ. ಏಳು ಗಂಟೆಗೆ ಎಲೆ ಅಲುಗುತ್ತಿರಲಿಲ್ಲ. ಎಲ್ಲ ಚಂದ ಕೂತಿತು. ಒಂಬತ್ತಕ್ಕೆಲ್ಲ ಮುಗಿಸಿ, ಸುರುಳಿ ಸುತ್ತಿ ಮಂಚದ ಮೇಲಿಟ್ಟೆ.

ಮಂಗಳವಾರ ಬಿಚ್ಚಿದರೆ ಅಂಚು ಪೂರ್ತಿ ಬಿಟ್ಟುಕೊಂಡಿದೆ. ಮಧ್ಯದಲ್ಲೂ ಅಂಗೈ ಅಗಲದ ಗುಳ್ಳೆಗಳು. ಅಡಿ ಬಟ್ಟೆಯಲ್ಲಿ ಎರಡು ಕಡೆ ಸುಕ್ಕು. ನಿಜ ಹೇಳಬೇಕೆಂದರೆ ಅಳು ಬಂತು. ಅಂಟು ಕಡಿಮೆ ಆಯಿತೇನೋ ಅಂತ ಒಂದು ಮೂಲೆಗೆ ಇನ್ನೊಂದು ಸಲ ಹೊಡೆದೆ, ಅದೂ ಸಂಜೆಗೆ ಬಿಟ್ಟಿತು. ಆಮೇಲೆ ಹತ್ತಿಯ ಮೇಲೆ ಸುಮ್ಮನೆ ಕೈಯಿಟ್ಟೆ. ತಣ್ಣಗಿತ್ತು. ಒದ್ದೆ ಅಲ್ಲ, ತಣ್ಣಗೆ. ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಯ ದಿಂಬು, ಹಾಸಿಗೆ, ಪುಸ್ತಕ ಎಲ್ಲವೂ ಇರುವ ಹಾಗೆ. ಅಂಟು ಹಿಡಿಯಬೇಕಾದ ನಾರಿನಲ್ಲಿ ಮೊದಲೇ ನೀರು ಕೂತಿತ್ತು. ಬೆಳಿಗ್ಗೆ ಗಾಳಿ ಇಲ್ಲ ಅಂತ ನೋಡಿದೆನೇ ಹೊರತು, ಇಡೀ ದಿನದಲ್ಲಿ ತೇವ ಅತಿ ಜಾಸ್ತಿ ಇರುವುದು ಆ ಹೊತ್ತಿನಲ್ಲೇ ಅಂತ ಯೋಚಿಸಿರಲಿಲ್ಲ.

ಮೂರೂ ಪದರ ಮೆಲ್ಲ ಬಿಡಿಸಿದೆ. ತಾತ್ಕಾಲಿಕ ಅಂಟು ಆದ್ದರಿಂದ ಒಂದು ಎಳೆಯೂ ಕೀಳಲಿಲ್ಲ. ಆವತ್ತಿನ ದೊಡ್ಡ ಸಮಾಧಾನ ಅದು.

ಮಳೆ ಎರಡು ದಿನ ಬಿಡುವು ಕೊಡುವ ತನಕ ಕಾದೆ. ಆಗಸ್ಟ್ ಎರಡನೇ ವಾರ ಬಿಸಿಲು ಬಂತು. ಹಿಂದಿನ ದಿನ ಮೂರನ್ನೂ ಅಂಗಳದಲ್ಲಿ ಹಗ್ಗದ ಮೇಲೆ ಹಾಕಿ, ಮೂರು ಗಂಟೆಗೇ ಒಳಗೆ ತಂದೆ. ಸಂಜೆಯ ತನಕ ಬಿಟ್ಟರೆ ತೇವ ಮತ್ತೆ ಏರುತ್ತದೆ. ರಾತ್ರಿ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಮರುದಿನ ಹತ್ತು ಗಂಟೆಗೆ ಎರಡೂ ಬಟ್ಟೆಗೆ ಬಿಸಿ ಇಸ್ತ್ರಿ. ಹತ್ತಿ ಪದರಕ್ಕೆ ಪಾಲಿಯೆಸ್ಟರ್ ಇರುವುದರಿಂದ ಹಳೆ ಪಂಚೆ ಹಾಸಿ, ಕಡಿಮೆ ಬಿಸಿಯಲ್ಲಿ, ಒತ್ತದೆ ಸುಮ್ನೆ ಮೇಲಿಂದ ಹಾಯಿಸಿದೆ. ಕೆನ್ನೆಗೆ ಹಿಡಿದು ನೋಡಿದೆ. ಬೆಚ್ಚಗಿದ್ದರೆ, ತಂಪು ತಾಗದಿದ್ದರೆ ಒಣಗಿದೆ ಅಂತ ಅರ್ಥ. ಅಂಗೈಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತದೆ. ಇಸ್ತ್ರಿಯ ಪ್ಲಗ್ ಕಿತ್ತು ಬೇರೆ ಕೋಣೆಯಲ್ಲಿಟ್ಟ ಮೇಲೆಯೇ ಡಬ್ಬಿ ಕೈಗೆ ತೆಗೆದುಕೊಂಡೆ.

ಗಾಳಿಗೆ ಏನು ಮಾಡುವುದು? ಪಡುವಣ ಕಿಟಕಿ ಎರಡನ್ನೂ ಮುಚ್ಚಿ, ಮೂಡಣ ಬಾಗಿಲು ಮತ್ತು ಹಿತ್ತಿಲ ಬಾಗಿಲು ಪೂರ್ತಿ ತೆರೆದಿಟ್ಟೆ. ಫ್ಯಾನ್ ಇಲ್ಲ. ವಾಸನೆ ಹೊರಗೆ ಹೋಗಬೇಕು, ಆದರೆ ಸ್ಪ್ರೇ ಹಾರಬಾರದು. ಇದನ್ನು ಹದ ಮಾಡಲು ನಾನು ಖಾಲಿ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ಅಂತ ನೋಡಿದೆ, ಆಮೇಲೆ ಊದುಬತ್ತಿ ನೀರಿಗೆ ಅದ್ದಿ ಹೊರಗೆ ಹಾಕಿದೆ. ಡಬ್ಬಿಯೊಳಗಿನ ಅನಿಲಕ್ಕೆ ಬೆಂಕಿ ಹತ್ತುತ್ತದೆ. ಚಾವಡಿಗೆ ತಾಗಿಯೇ ದೇವರ ಕೋಣೆ ಇರುವ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಲೇಬೇಕು. ದೀಪ ಉರಿಯುತ್ತಿರುವಾಗ ಸ್ಪ್ರೇ ಬೇಡ, ಅಡುಗೆಮನೆಯಲ್ಲಿ ಗ್ಯಾಸ್ ಹಚ್ಚಿರುವಾಗಲೂ ಬೇಡ. ಅಮ್ಮನಿಗೆ ಮೊದಲೇ ಹೇಳಿ, ಆ ಹೊತ್ತಿಗೆ ಅಡುಗೆ ಮುಗಿಸಿಟ್ಟಿದ್ದೆವು. ಮೂಗಿಗೆ ಎನ್95 ಮಾಸ್ಕ್ ಹಾಕಿದ್ದೆ. ಅದು ಸಣ್ಣ ಹನಿಗಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ತೆರೆದ ಬಾಗಿಲಿಗೆ ಅದು ಬದಲಿ ಅಲ್ಲ.

ಅಡಿ ಬಟ್ಟೆಯನ್ನು ಒಳಮೈ ಮೇಲೆ ಮಾಡಿ ಹಾಸಿ, ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ನೆಲಕ್ಕೆ ಹಿಡಿಸಿದೆ. ಬಟ್ಟೆ ನೆಟ್ಟಗಿರಬೇಕು, ಎಳೆದು ಬಿಗಿದಿರಬಾರದು. ಬಿಗಿದರೆ ಟೇಪ್ ತೆಗೆದ ಕೂಡಲೇ ಹಿಂದಕ್ಕೆ ಕುಗ್ಗಿ ಮೇಲಿನ ಪದರದಲ್ಲಿ ಗುಳ್ಳೆ ಏಳುತ್ತದೆ. ಅದರ ಮೇಲೆ ಹತ್ತಿ ಪದರ ಇಟ್ಟು, ಅರ್ಧ ಭಾಗವನ್ನು ಹಿಂದಕ್ಕೆ ಮಡಚಿದೆ. ಮಡಚಿದಾಗ ಹತ್ತಿಯ ಅಡಿಮೈ ಮೇಲೆ ಬರುತ್ತದೆ, ಸ್ಪ್ರೇ ಬೀಳುವುದು ಅದಕ್ಕೆ. ಮಡಿಕೆಯ ಹತ್ತಿರದಿಂದ ಒಂದು ಅಡಿ ಅಗಲದ ಪಟ್ಟಿಗೆ ಮಾತ್ರ ಹೊಡೆದು, ಆ ಪಟ್ಟಿಯನ್ನು ಬಟ್ಟೆಗೆ ಇಳಿಸಿ, ಮಧ್ಯದಿಂದ ಎರಡೂ ಬದಿಗೆ ಅಂಗೈಯಿಂದ ಸವರಿದೆ. ಮತ್ತೆ ಒಂದು ಅಡಿ. ಪೂರ್ತಿ ಅರ್ಧಕ್ಕೆ ಒಂದೇ ಸಲ ಹೊಡೆದರೆ ಕೈ ಅಲ್ಲಿಗೆ ತಲುಪುವುದಿಲ್ಲ, ತನ್ನಿಂದ ತಾನೇ ಎಲ್ಲೆಲ್ಲೋ ಅಂಟಿಕೊಳ್ಳುತ್ತದೆ.

ಡಬ್ಬಿ ಮತ್ತು ಹತ್ತಿಯ ನಡುವೆ 25ರಿಂದ 30 ಸೆಂಟಿಮೀಟರ್. ನನ್ನ ಒಂದು ಗೇಣು ಮತ್ತು ನಾಲ್ಕು ಬೆರಳು. ಕೈ ನಿಲ್ಲಬಾರದು. ಸೆಗಣಿ ಸಾರಿಸುವಾಗ ಅಜ್ಜಿಯ ಕೈ ಹೋಗುತ್ತಿತ್ತಲ್ಲ, ಒಂದೇ ವೇಗದಲ್ಲಿ, ಹಾಗೆ. ಎಲ್ಲಾದರೂ ನಿಂತರೆ ಅಲ್ಲಿ ಹೊಂಡದ ಹಾಗೆ ಅಂಟು ಕೂರುತ್ತದೆ, ಸೂಜಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಹೊಡೆದದ್ದು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಕಾಣಬೇಕು ಅಂತ ಇನ್ನೊಂದು ಸುತ್ತು ಹೊಡೆಯಲು ಮನಸ್ಸಾಗುತ್ತದೆ, ತಡೆದುಕೊಳ್ಳಿ. ಅಂಟಿನ ಕೆಲಸ ಹೊಲಿಗೆ ಬೀಳುವ ತನಕ ಮಾತ್ರ.

ಮೇಲ್ಬಟ್ಟೆಗೆ ಬೇರೆ ಉಪಾಯ. ಚೌಕಗಳ ಸಾಲು ಓರೆ ಆಗಬಾರದಲ್ಲ. ಮಿಕ್ಕಿದ್ದ ಪಿವಿಸಿ ಪೈಪಿಗೆ ಮೇಲ್ಬಟ್ಟೆಯನ್ನು ಒಳಮೈ ಹೊರಗೆ ಬರುವಂತೆ ಸುತ್ತಿಕೊಂಡೆ. ಹತ್ತಿಯ ಒಂದು ತುದಿಯಿಂದ ಪಟ್ಟಿ ಪಟ್ಟಿಯಾಗಿ ಸ್ಪ್ರೇ ಹೊಡೆಯುತ್ತಾ, ಪೈಪನ್ನು ಚಾಪೆ ಬಿಚ್ಚಿದ ಹಾಗೆ ಉರುಳಿಸುತ್ತಾ ಹೋದೆ. ಅಮ್ಮ ಪೈಪಿನ ಇನ್ನೊಂದು ತುದಿ ಹಿಡಿದರು. "ನಿಲ್ಲು ನಿಲ್ಲು, ಆ ಕೆಂಪು ಚೌಕ ಸ್ವಲ್ಪ ಓರೆ ಉಂಟು ನೋಡು" ಅಂತ ಎರಡು ಕಡೆ ಎಬ್ಬಿಸಿ ಕೂರಿಸಿದ್ದು ಅವರೇ. ಇಡೀ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿಯನ್ನು ಮೊದಲೂ ಆಮೇಲೂ ತೂಗಿದ್ದೆ. ಖರ್ಚಾದದ್ದು 150 ಗ್ರಾಂ ಹತ್ತಿರ, ಎರಡೂ ಮೈ ಸೇರಿ.

ಈ ಸಲ ಸುರುಳಿ ಸುತ್ತಿಡಲಿಲ್ಲ, ಆವತ್ತೇ ಹೊಲಿಗೆಗೆ ಕೂತೆ. ನಮ್ಮ ಮಳೆಗಾಲದಲ್ಲಿ ಕೂಡಿಸಿದ್ದನ್ನು ವಾರಗಟ್ಟಲೆ ಇಡುವುದು ಬೇಡ ಅಂತ ನನ್ನ ಅಭಿಪ್ರಾಯ. ಹಳೆ ಉಷಾ ಮೆಷಿನ್, ಮೋಟರ್ ಹಾಕಿಸಿದ್ದು, ಜೊತೆಗೆ ವಾಕಿಂಗ್ ಫೂಟ್, ಅಂದರೆ ಮೇಲ್ಬಟ್ಟೆಯನ್ನೂ ಹಿಂದಕ್ಕೆ ಸಾಗಿಸುವ ಪಾದ. ಸೂಜಿ 14 ನಂಬರ್, ಹೊಸದು. ಮಧ್ಯದ ಸಾಲಿನಿಂದ ಶುರು ಮಾಡಿ ಹೊರಕ್ಕೆ, ಮೂರು ಇಂಚಿಗೊಂದು ನೇರ ಗೆರೆ. ನಾಲ್ಕೈದು ಗೆರೆ ಆದ ಮೇಲೆ ಹೊಲಿಗೆ ತಪ್ಪಲು ಶುರುವಾಯಿತು. ಸೂಜಿಯ ಕಣ್ಣಿನ ಮೇಲೆ ಸಣ್ಣ ಅಂಟಿನ ಉಂಡೆ. ಒಂದು ಚೂರು ಹತ್ತಿ ಉಂಡೆಗೆ ಸ್ಪಿರಿಟ್ ತಾಗಿಸಿ ಸೂಜಿ ಒರೆಸಿದೆ, ಸರಿಯಾಯಿತು. ಆಮೇಲೆ ಬಾಬಿನ್ ಬದಲಿಸುವಾಗಲೆಲ್ಲ ಒಮ್ಮೆ ಒರೆಸುವುದು ಅಭ್ಯಾಸ ಆಯಿತು. ನಾಲ್ಕು ದಿನ, ದಿನಕ್ಕೆ ಎರಡೆರಡು ಗಂಟೆ. ಕೊನೆಯ ಅಂಚಿನ ಒಂದು ಮೂಲೆ ಮಾತ್ರ ಬಿಟ್ಟುಕೊಂಡಿತ್ತು, ಅಲ್ಲಿಗೆ ಆರು ಪಿನ್ ಹಾಕಿದೆ, ಹೊಲಿದ ಕೂಡಲೇ ತೆಗೆದೆ.

ಅಡಿಮೈ ತಿರುಗಿಸಿ ನೋಡಿದಾಗ ಒಂದು ನೆರಿಗೆಯೂ ಇರಲಿಲ್ಲ. ನನ್ನ ಕೈಯಲ್ಲಿ ಹೀಗೆ ಆದದ್ದು ಇದೇ ಮೊದಲು. ಎಷ್ಟೋ ಹೊತ್ತು ಸವರುತ್ತಾ ಕೂತೆ.

ಅಂಚು ಪಟ್ಟಿ ಹೊಲಿದ ಮೇಲೆ ತಣ್ಣೀರಿನಲ್ಲಿ, ಸೀಗೆಪುಡಿ ಹಾಕಿ ಕೈಯಲ್ಲಿ ಒಗೆದೆ. ಅಂಟಿನ ಬಿಗಿ ಪೂರ್ತಿ ಹೋಯಿತು. ಹತ್ತಿ ಪದರ ಸ್ವಲ್ಪ ಕುಗ್ಗಿ, ಹೊಲಿಗೆಯ ಮಧ್ಯೆ ಮೆತ್ತಗೆ ಉಬ್ಬಿ ನಿಂತಿತು. ಒಣಗಲು ಮೂರು ದಿನ ಬೇಕಾಯಿತು, ಎರಡು ಹಗ್ಗದ ಮೇಲೆ ಹರಡಿ, ಮಳೆ ಬಂದಾಗಲೆಲ್ಲ ಜಗಲಿಗೆ ಓಡಿಸಿ.

ಚಾವಡಿಯ ನೆಲದಲ್ಲಿ ಬೆಡ್‌ಶೀಟಿನ ಅಂಚು ದಾಟಿ ಒಂದು ಕಡೆ ಸ್ಪ್ರೇ ಬಿದ್ದಿತ್ತು. ಕಾಲಿಟ್ಟರೆ ಜಿಗುಟು, ದೂಳು ಹಿಡಿದು ಕಪ್ಪಾಗಿತ್ತು. ತೆಂಗಿನೆಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟು ಹಳೆ ಬಟ್ಟೆಯಲ್ಲಿ ಉಜ್ಜಿದೆ, ಎದ್ದು ಬಂತು. ರೆಡ್ ಆಕ್ಸೈಡ್ ನೆಲಕ್ಕೆ ಎಣ್ಣೆ ಹೇಗೂ ಒಳ್ಳೆಯದು, ಅಷ್ಟು ಜಾಗ ಈಗ ಉಳಿದದ್ದಕ್ಕಿಂತ ಹೊಳೆಯುತ್ತಿದೆ. ಬಟ್ಟೆಯ ಮೇಲೆ ಮಾತ್ರ ಈ ಉಪಾಯ ಬೇಡ.

ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಉಲ್ಟಾ ಹಿಡಿದು ಎರಡು ಸಲ ಒತ್ತಿ, ಬರೇ ಗಾಳಿ ಬರುವ ತನಕ ಬಿಟ್ಟು, ಮೂತಿ ಒರೆಸಿ ಇಟ್ಟಿದ್ದೇನೆ. ಹಾಗೆ ಮಾಡದಿದ್ದರೆ ಮುಂದಿನ ಸಲಕ್ಕೆ ಮೂತಿ ಕಟ್ಟಿರುತ್ತದೆ. ಇಟ್ಟಿರುವುದು ಬಿಸಿಲು ಬೀಳದ ಕಪಾಟಿನಲ್ಲಿ, ಬಚ್ಚಲಿನಿಂದ ದೂರ. ನಮ್ಮಲ್ಲಿ ಇವತ್ತಿಗೂ ಹಂಡೆ ಒಲೆಗೆ ತೆಂಗಿನ ಗರಿಯ ಜೊತೆ ರಟ್ಟು, ಪೇಪರ್, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವ ರೂಢಿ ಇದೆ. ಖಾಲಿಯಾದ ಡಬ್ಬಿಯನ್ನೂ ಅದಕ್ಕೆ ಹಾಕಬಾರದು, ತೂತು ಮಾಡಲೂಬಾರದು. ಒಳಗೆ ಅನಿಲ ಉಳಿದಿದ್ದರೆ ಸಿಡಿಯುತ್ತದೆ. ಒಲೆಗೆ ಬೆಂಕಿ ಹಾಕುವುದು ಬೆಳಿಗ್ಗೆ ಐದಕ್ಕೆ ಅಮ್ಮ. ಅದಕ್ಕೆ ಡಬ್ಬಿಯ ಮೇಲೆ ದಪ್ಪ ಪೆನ್ನಿನಲ್ಲಿ "ಒಲೆಗೆ ಬೇಡ" ಅಂತ ಬರೆದು ಅಂಟಿಸಿದ್ದೇನೆ.